ಮನೆ ಅಲಂಕಾರ ಎಲ್ಲಿಂದ ಶುರು ಮಾಡಬೇಕು: ಸೋಫಾ, ಪೇಂಟ್, ಕರ್ಟನ್, ಲೈಟು ಇವುಗಳಲ್ಲಿ ಯಾವುದು ಮೊದಲು?

ಹೊಸ ಮನೆಗೆ ಹೋದವರು, ಇಲ್ಲವೇ ಇರುವ ಮನೆಯನ್ನೇ ಸ್ವಲ್ಪ ಚೆಂದ ಮಾಡೋಣ ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವುದು ಎರಡರಲ್ಲಿ ಒಂದು. ಭಾನುವಾರ ಫರ್ನಿಚರ್ ಅಂಗಡಿಗೆ ಹೋಗಿ ಸೋಫಾ ನೋಡುತ್ತಾರೆ. ಇಲ್ಲದಿದ್ದರೆ ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಹಿಡಿದುಕೊಂಡು ಮನೆಯವರೆಲ್ಲ ಕೂತು ಚರ್ಚೆ ಮಾಡುತ್ತಾರೆ. ಎರಡಕ್ಕೂ ದುಡ್ಡು ಜಾಸ್ತಿ ಬೇಕು, ಎರಡರಲ್ಲೂ ಒಮ್ಮೆ ತಪ್ಪಿದರೆ ವರ್ಷಗಟ್ಟಲೆ ಅದನ್ನೇ ನೋಡಿಕೊಂಡು ಇರಬೇಕು. ಶುರುವಿಗೆ ಇವೆರಡೂ ಬೇಡ. ಲೈಟಿನಿಂದ ಶುರು ಮಾಡಿ, ಆಮೇಲೆ ಕಿಟಕಿಯ ಬಟ್ಟೆ, ಆಮೇಲೆ ಉಳಿದದ್ದು. ಯಾಕೆ ಅಂತ ಒಂದೊಂದನ್ನೇ ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ನಾನಿಲ್ಲಿ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಬೆಂಗಳೂರಿನ ಸಾಧಾರಣ 2 ಬಿಎಚ್‌ಕೆ. ಹತ್ತು ಅಡಿಗೆ ಹನ್ನೆರಡು ಅಡಿ ಹಾಲ್, ಒಂದು ದೊಡ್ಡ ಕಿಟಕಿ, ಕ್ರೀಮ್ ಬಣ್ಣದ ಗೋಡೆ, ತಲೆ ಮೇಲೆ ಒಂದು ಟ್ಯೂಬ್‌ಲೈಟು. ಕರಾವಳಿಯವರಿಗೆ, ಕಲಬುರಗಿ ರಾಯಚೂರು ಕಡೆಯವರಿಗೆ ಕೆಲವು ವಿಷಯ ಬೇರೆ ಆಗುತ್ತದೆ, ಬಂದಾಗ ಹೇಳುತ್ತೇನೆ.

ಹೋಲಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಖರ್ಚು ಎಷ್ಟು? ಇಷ್ಟವಾಗದಿದ್ದರೆ ನಾಳೆ ಬದಲಾಯಿಸಬಹುದಾ? ಇದೊಂದನ್ನು ಬದಲಾಯಿಸಿದರೆ ಮನೆಯಲ್ಲಿ ಇನ್ನೆಷ್ಟು ವಸ್ತು ಬೇರೆ ಥರ ಕಾಣುತ್ತವೆ? ಮೂರನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಿಜವಾಗಿ ಮುಖ್ಯವಾದದ್ದು ಅದೇ.

ಮೊದಲು ಒಂದು ಖರ್ಚಿಲ್ಲದ ಕೆಲಸ

ಏನನ್ನೂ ಕೊಳ್ಳುವ ಮೊದಲು ಹಾಲ್ ಖಾಲಿ ಮಾಡಿ. ಪೂರ್ತಿ ಅಲ್ಲ. ಟಿವಿ ಸ್ಟ್ಯಾಂಡಿನ ಮೇಲಿರುವ ಔಷಧಿ ಡಬ್ಬಿ, ಹಳೇ ಚಾರ್ಜರ್, ಕ್ಯಾಲೆಂಡರಿನ ಮೇಲೆ ಕ್ಯಾಲೆಂಡರ್, ಡೈನಿಂಗ್ ಟೇಬಲ್ಲಿನ ಮೇಲೆ ಸೇರಿಕೊಂಡಿರುವ ಬಿಲ್ಲುಗಳು, ಶೋಕೇಸಿನಲ್ಲಿ ಹದಿನೈದು ವರ್ಷದಿಂದ ನಿಂತಿರುವ ಮದುವೆ ಗಿಫ್ಟುಗಳು. ಇವನ್ನೆಲ್ಲ ಒಂದು ವಾರ ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟದ ಮೇಲೆ ಇಡಿ. ವಾರದಲ್ಲಿ ಯಾವುದಕ್ಕಾಗಿ ಏಣಿ ಹತ್ತಿದಿರೋ ಅದನ್ನು ಮಾತ್ರ ಕೆಳಗೆ ತನ್ನಿ. ಗೌರಿ ಹಬ್ಬಕ್ಕೋ ದೀಪಾವಳಿಗೋ ಮನೆ ಕ್ಲೀನ್ ಮಾಡಿದ ದಿನ ಸಂಜೆ ಮನೆ ಯಾಕೆ ಅಷ್ಟು ಚೆಂದ ಕಾಣುತ್ತದೆ ಹೇಳಿ? ಹೊಸದಾಗಿ ಏನೂ ಬಂದಿರುವುದಿಲ್ಲ, ಇದ್ದದ್ದು ಕಮ್ಮಿ ಆಗಿರುತ್ತದೆ ಅಷ್ಟೇ.

ಲೈಟು: ಕಮ್ಮಿ ಖರ್ಚು, ಜಾಸ್ತಿ ಬದಲಾವಣೆ

ರೇಷ್ಮೆ ಸೀರೆ ಕೊಳ್ಳುವಾಗ ಅಂಗಡಿಯ ಲೈಟಿನಲ್ಲಿ ನೋಡಿ ಯಾರೂ ದುಡ್ಡು ಕೊಡುವುದಿಲ್ಲ, ಬಾಗಿಲ ಹತ್ತಿರ ತಂದು ಬಿಸಿಲಿಗೆ ಹಿಡಿದು ನೋಡುತ್ತಾರೆ. ಒಳಗೆ ಮೆರೂನ್ ಕಂಡದ್ದು ಹೊರಗೆ ಬೇರೆಯೇ ಇರುತ್ತದೆ ಅಂತ ಎಲ್ಲ ಹೆಂಗಸರಿಗೂ ಗೊತ್ತು. ಮನೆಯ ಗೋಡೆಗೂ ಸೋಫಾಗೂ ಇದೇ ಮಾತು. ಯಾವ ಬೆಳಕಿನಲ್ಲಿ ನೋಡುತ್ತೀರೋ ಅದರ ಮೇಲೆ ಬಣ್ಣ ನಿಂತಿದೆ. ಹಾಗಿರುವಾಗ ಬೆಳಕು ಸರಿ ಮಾಡಿಕೊಳ್ಳದೆ ಬಣ್ಣ ಆರಿಸುವುದು ಹಿಂದುಮುಂದಾದ ಕೆಲಸ ಅಲ್ವಾ?

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು 6500 ಕೆಲ್ವಿನ್‌ನ ಬಿಳಿ ಲೈಟು. ಬಲ್ಬಿನ ಡಬ್ಬಿ ಮೇಲೆ 'ಕೂಲ್ ಡೇಲೈಟ್' ಅಂತ ಬರೆದಿರುತ್ತದೆ. ಕೆಲ್ವಿನ್ ಸಂಖ್ಯೆ ಮೇಲೆ ಹೋದಷ್ಟೂ ಬೆಳಕು ನೀಲಿ ಕಡೆಗೆ ಹೋಗುತ್ತದೆ, ಇಳಿದಷ್ಟೂ ಹಳದಿ ಕಡೆಗೆ. 2700ರಿಂದ 3000 ಅಂದರೆ ಹಳೇ ಗುಂಡು ಬಲ್ಬಿನ ಬೆಳಕು, ಡಬ್ಬಿ ಮೇಲೆ 'ವಾರ್ಮ್ ವೈಟ್' ಅಂತ ಇರುತ್ತದೆ. 4000 ನಡುವಿನದು. 6500ರ ಬೆಳಕಿನಲ್ಲಿ ಕ್ರೀಮ್ ಗೋಡೆ ಸತ್ತ ಬಿಳಿಯಾಗಿ ಕಾಣುತ್ತದೆ, ಮರದ ಕಂದು ಬೂದಿ ಬಣ್ಣಕ್ಕೆ ತಿರುಗುತ್ತದೆ, ಮುಖಗಳು ಬಾಡಿದ ಹಾಗೆ ಕಾಣುತ್ತವೆ. ಅದೇ ಗೋಡೆಗೆ 3000ದ ಬಲ್ಬು ಹಾಕಿ ನೋಡಿ. ಎಷ್ಟೋ ಜನ "ಗೋಡೆ ಬಣ್ಣ ಚೆನ್ನಾಗಿಲ್ಲ" ಅಂತ ಅಂದುಕೊಳ್ಳುತ್ತಿರುವುದು ನಿಜವಾಗಿ ಲೈಟಿನ ತೊಂದರೆ.

ಹಾಗಂತ ಟ್ಯೂಬ್‌ಲೈಟು ಕಿತ್ತು ಹಾಕಬೇಡಿ. ಮಕ್ಕಳು ಓದಲು, ಅಕ್ಕಿ ಆರಿಸಲು, ಬಿದ್ದ ಸೂಜಿ ಹುಡುಕಲು ಅದು ಬೇಕು. ಅದರ ಜೊತೆಗೆ ಎರಡು ಬೇರೆ ಬೆಳಕು ಸೇರಿಸಿ, ತಲೆ ಮೇಲೆ ಅಲ್ಲ, ಕೂತಾಗ ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ. ಸೋಫಾ ಪಕ್ಕ ಒಂದು ನಿಲ್ಲುವ ಲ್ಯಾಂಪ್, ಎದುರು ಮೂಲೆಯಲ್ಲಿ ಒಂದು ಟೇಬಲ್ ಲ್ಯಾಂಪ್. ಗೋಡೆಯ ಪ್ಲಗ್ ಪಾಯಿಂಟಿಗೆ ಹಾಕಿದರೆ ಆಯಿತು, ಎಲೆಕ್ಟ್ರಿಷಿಯನ್ ಬೇಡ, ಓನರ್ ಅನುಮತಿಯೂ ಬೇಡ. ಮೇಲಿನಿಂದ ಮಾತ್ರ ಬೆಳಕು ಬಿದ್ದರೆ ಇಡೀ ಹಾಲ್ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ ಬಿದ್ದರೆ ಗೋಡೆಯ ಮೇಲೆ ನೆರಳು ಬರುತ್ತದೆ, ಮೂಲೆ ಆಳವಾಗಿ ಕಾಣುತ್ತದೆ, ಚಿಕ್ಕ ಹಾಲ್ ಕೂಡ ದೊಡ್ಡದು ಅನ್ನಿಸುತ್ತದೆ.

ಕೊಳ್ಳುವಾಗ ಮೂರು ವಿಷಯ ನೋಡಿ. ಒಂದು, ಹೋಲ್ಡರ್. ನಮ್ಮ ಗೋಡೆಯ ಹೋಲ್ಡರುಗಳು ಎರಡು ಪಿನ್ ಇರುವ ಬಿ22, ಲ್ಯಾಂಪುಗಳಲ್ಲಿ ಹೆಚ್ಚಾಗಿ ತಿರುಗಿಸಿ ಹಾಕುವ ಇ27. ಎರಡಕ್ಕೂ ಬಲ್ಬು ಸಿಗುತ್ತದೆ, ನೋಡಿ ತನ್ನಿ. ಎರಡು, ವ್ಯಾಟ್ ಬದಲು ಲ್ಯುಮೆನ್ ನೋಡಿ, ಬಲ್ಬು ಎಷ್ಟು ಬೆಳಕು ಕೊಡುತ್ತದೆ ಅನ್ನುವುದರ ಅಳತೆ ಅದು. 9 ವ್ಯಾಟ್ ಎಲ್‌ಇಡಿ ಬಲ್ಬು ಸುಮಾರು 800ರಿಂದ 900 ಲ್ಯುಮೆನ್ ಕೊಡುತ್ತದೆ, ಮೂಲೆಯ ಲ್ಯಾಂಪಿಗೆ ಅದರಲ್ಲಿ ಅರ್ಧ ಸಾಕು. ಮೂರು, ಸಿಆರ್‌ಐ ಅನ್ನುವ ಸಂಖ್ಯೆ. ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದರ ಅಳತೆ ಅದು. 80ಕ್ಕಿಂತ ಮೇಲಿದ್ದರೆ ಪರವಾಗಿಲ್ಲ, 90 ಸಿಕ್ಕರೆ ಬಿಡಬೇಡಿ. ಅಡುಗೆಮನೆಗೆ 4000 ಹಾಕಿ, ಸೊಪ್ಪು ಬಾಡಿದೆಯೋ ಇಲ್ಲವೋ ಸರಿಯಾಗಿ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಇರುವವರು ಬಿವಿಕೆ ಅಯ್ಯಂಗಾರ್ ರಸ್ತೆಯ ಲೈಟಿನ ಅಂಗಡಿಗಳಿಗೆ ಒಂದು ಸಲ ಹೋಗಿ ಬನ್ನಿ, ಹಚ್ಚಿ ತೋರಿಸುತ್ತಾರೆ. ಆನ್‌ಲೈನಿನ ಫೋಟೋ ನೋಡಿ ಲೈಟು ತರಿಸುವುದು ಕಷ್ಟ.

ಬಲ್ಬಿಗೆ ನೂರು ರೂಪಾಯಿ ಆಸುಪಾಸು, ಸಾಧಾರಣ ಲ್ಯಾಂಪು ಒಂದು ಸಾವಿರದ ಆಚೆ ಈಚೆ. ಇಷ್ಟವಾಗಲಿಲ್ಲವಾ, ಬಲ್ಬು ಬಿಚ್ಚಿ ಬೇರೆಯದು ಹಾಕಿ. ಮೂರು ಪ್ರಶ್ನೆಗೂ ಇಷ್ಟು ಒಳ್ಳೆಯ ಉತ್ತರ ಬೇರೆ ಯಾವುದೂ ಕೊಡುವುದಿಲ್ಲ.

ಕರ್ಟನ್: ಎರಡನೇ ಜಾಗ

ಹಗಲಿನ ಬೆಳಕನ್ನು ಹಿಡಿತದಲ್ಲಿ ಇಡುವುದು ಕರ್ಟನ್. ಹಾಗಾಗಿ ಲೈಟಿನ ಜೊತೆಗೇ ಯೋಚಿಸಿ. ಬಟ್ಟೆಗಿಂತ ಮೊದಲು ರಾಡ್ ಎಲ್ಲಿ ಹಾಕಬೇಕು ಅನ್ನುವುದು ಮುಖ್ಯ. ಸಾಮಾನ್ಯವಾಗಿ ಕಿಟಕಿ ಚೌಕಟ್ಟಿಗೆ ಅಂಟಿಕೊಂಡ ಹಾಗೆ ರಾಡ್ ಹಾಕಿ, ಕಿಟಕಿಯಷ್ಟೇ ಅಗಲಕ್ಕೆ, ಐದಡಿಯ ಬಟ್ಟೆ ಇಳಿಬಿಡುತ್ತಾರೆ. ಗೋಡೆ ಮಧ್ಯೆ ಒಂದು ಲಂಗ ನೇತು ಹಾಕಿದಂತೆ ಕಾಣುತ್ತದೆ. ಅದರ ಬದಲು ರಾಡನ್ನು ಸೀಲಿಂಗಿನ ಹತ್ತಿರಕ್ಕೆ ಏರಿಸಿ, ಎರಡೂ ಕಡೆ ಕಿಟಕಿಗಿಂತ ಮುಕ್ಕಾಲು ಅಡಿ ಹೊರಗೆ ಬಿಡಿ, ಬಟ್ಟೆ ನೆಲ ಮುಟ್ಟುವಷ್ಟು ಇಳಿಸಿ. ಕಿಟಕಿ ಅಷ್ಟೇ ಇದ್ದರೂ ದೊಡ್ಡದಾಗಿ ಕಾಣುತ್ತದೆ, ಸೀಲಿಂಗ್ ಎತ್ತರ ಆದಂತೆ ಅನ್ನಿಸುತ್ತದೆ. ಹಗಲಲ್ಲಿ ಪಕ್ಕಕ್ಕೆ ಸರಿಸಿದಾಗ ಬಟ್ಟೆ ಗೋಡೆ ಮೇಲೆ ನಿಲ್ಲುವುದರಿಂದ ಗಾಜು ಪೂರ್ತಿ ತೆರೆದುಕೊಳ್ಳುತ್ತದೆ. ಸೊಳ್ಳೆ ಮೆಶ್ ಸರಿಸಲು ಕೈ ಹಾಕುವುದೂ ಸುಲಭ.

ರೆಡಿಮೇಡ್ ಕರ್ಟನ್ ಸಿಗುವುದು ಐದು, ಏಳು, ಒಂಬತ್ತು ಅಡಿ ಉದ್ದದಲ್ಲಿ. ಒಂದೊಂದು ಪ್ಯಾನೆಲ್ ಸುಮಾರು ನಾಲ್ಕು ಅಡಿ ಅಗಲ. ಬಟ್ಟೆಯ ಒಟ್ಟು ಅಗಲ ಕಿಟಕಿಯ ಎರಡರಷ್ಟು ಇರಬೇಕು, ಇಲ್ಲದಿದ್ದರೆ ನೆರಿಗೆ ಬರುವುದಿಲ್ಲ. ಆರಡಿ ಕಿಟಕಿಗೆ ಮೂರು ಪ್ಯಾನೆಲ್ ಬೇಕೇ ಬೇಕು. ಎರಡೇ ಹಾಕಿ ಎಳೆದರೆ ಬೆಡ್‌ಶೀಟ್ ಒಣಗಲು ಹಾಕಿದಂತೆ ಬಿಗಿಯಾಗಿ ನಿಲ್ಲುತ್ತದೆ.

ನನಗೆ ತುಂಬಾ ಇಷ್ಟವಾದ ದಾರಿ ಒಂದಿದೆ. ಸೀರೆಯ ಉದ್ದ ಐದೂವರೆ ಮೀಟರ್, ಅಂದರೆ ಹದಿನೆಂಟು ಅಡಿ. ಮಧ್ಯಕ್ಕೆ ಕತ್ತರಿಸಿದರೆ ಒಂಬತ್ತು ಅಡಿಯ ಎರಡು ಪ್ಯಾನೆಲ್. ಅಗಲವೂ ಹೆಚ್ಚು ಕಮ್ಮಿ ಪ್ಯಾನೆಲ್ಲಿನಷ್ಟೇ. ಮೇಲೆ ಕೆಳಗೆ ಮಡಿಸಿ ಹೊಲಿದಾಗ ಎಂಟೂವರೆ ಅಡಿ ಉಳಿಯುತ್ತದೆ. ಅಮ್ಮನ ಹಳೇ ಹತ್ತಿ ಸೀರೆ, ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರೆ, ಇವುಗಳ ಮೂಲಕ ಬೆಳಗಿನ ಬಿಸಿಲು ಬಂದಾಗ ಅಂಚಿನ ಬಣ್ಣ ನೆಲದ ಮೇಲೆ ಬೀಳುವುದನ್ನು ನೋಡಬೇಕು. ಸೆರಗು ಒಂದೇ ಪ್ಯಾನೆಲ್ಲಿಗೆ ಬರುತ್ತದೆ, ಅದು ಸರಿ ಅನ್ನಿಸದಿದ್ದರೆ ಸೆರಗು ಬಿಚ್ಚಿ ಕುಶನ್ ಕವರ್ ಹೊಲಿಸಿ. ಬೀದಿಯ ಟೈಲರ್ ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಬಿಸಿಲು ಜೋರಾಗಿ ಬೀಳುವ ಕಿಟಕಿಯಾದರೆ ಹಿಂದೆ ಬಿಳಿ ಲೈನಿಂಗ್ ಹಾಕಿಸಿ, ಇಲ್ಲದಿದ್ದರೆ ಬಣ್ಣ ಬೇಗ ಹೋಗುತ್ತದೆ.

ಹೊಸ ಬಟ್ಟೆಯೇ ಬೇಕು ಅಂದರೆ ಚಿಕ್ಕಪೇಟೆ ಕಡೆ ಥಾನಿನಲ್ಲಿ ಕೊಂಡು ಹೊಲಿಸಬಹುದು. ಹತ್ತಿಯೋ ಪಾಲಿಯೆಸ್ಟರೋ? ಹತ್ತಿ ಚೆನ್ನಾಗಿ ಬೀಳುತ್ತದೆ, ಆದರೆ ಒಗೆದರೆ ಕುಗ್ಗುತ್ತದೆ, ಹಾಗಾಗಿ ಹೊಲಿಸುವ ಮೊದಲೇ ಒಂದು ಸಲ ನೆನೆಸಿ ಒಣಗಿಸಿ. ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಅದು ದೊಡ್ಡ ಗುಣ, ಅಲ್ಲಿ ದಪ್ಪ ಹತ್ತಿ ಕರ್ಟನ್ ಜೂನ್ ದಾಟುವಷ್ಟರಲ್ಲಿ ಮುಗ್ಗಲು ವಾಸನೆ ಹೊಡೆಯುತ್ತದೆ. ಕಲಬುರಗಿ, ವಿಜಯಪುರದ ಕಡೆ ಪಶ್ಚಿಮಕ್ಕೆ ಮುಖ ಮಾಡಿದ ಕಿಟಕಿಗೆ ತೆಳು ಬಟ್ಟೆ ಹಾಕಿ ಪ್ರಯೋಜನ ಇಲ್ಲ. ಅಲ್ಲಿ ದಪ್ಪ ಲೈನಿಂಗ್ ಇರುವ ಕರ್ಟನ್ನೇ ಬೇಕು. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಸೆಕೆ ತಡೆಯುವ ಕೆಲಸವನ್ನೂ ಅದು ಮಾಡಬೇಕು.

ಪೇಂಟ್: ಮಾಡುವುದಾದರೆ ಒಂದೇ ಗೋಡೆ

ಇಡೀ ಮನೆ ಪೇಂಟ್ ಮಾಡಿಸುವುದು ಹೊಸಬರ ಮೊದಲ ಕೆಲಸ ಆಗಬಾರದು, ಒಂದು ಸಂದರ್ಭ ಬಿಟ್ಟು. ಸ್ವಂತ ಮನೆ, ಸಾಮಾನು ಇನ್ನೂ ಒಳಗೆ ಬಂದಿಲ್ಲ ಅಂದರೆ ಪೇಂಟ್ ಮೊದಲೇ ಆಗಬೇಕು. ಒಳಗೆ ಬಂದ ಮೇಲೆ ಎಲ್ಲವನ್ನೂ ನಡುಮನೆಗೆ ಎಳೆದು, ಪ್ಲಾಸ್ಟಿಕ್ ಹೊದಿಸಿ, ಧೂಳು ಕುಡಿಯುತ್ತಾ ವಾರ ಕಳೆಯುವುದು ಯಾರಿಗೂ ಬೇಡ. ಆಗಲೂ ಒಂದು ರಾತ್ರಿ ಖಾಲಿ ಮನೆಗೆ ಹೋಗಿ, ನೀವು ಹಾಕಬೇಕೆಂದಿರುವ ಬಲ್ಬನ್ನೇ ಹಚ್ಚಿ, ಅದರ ಕೆಳಗೆ ಬಣ್ಣ ಆರಿಸಿ.

ಲೆಕ್ಕ ಹೀಗಿದೆ. ಹತ್ತು ಹನ್ನೆರಡರ ಹಾಲ್, ಹತ್ತು ಅಡಿ ಎತ್ತರ ಅಂದರೆ ನಾಲ್ಕು ಗೋಡೆ ಸೇರಿ 440 ಚದರ ಅಡಿ, ಬಾಗಿಲು ಕಿಟಕಿ ಕಳೆಯಬೇಕು. ಸೀಲಿಂಗ್ 120. ಪೇಂಟರ್ ಲೆಕ್ಕ ಹಾಕುವುದು ಗೋಡೆಯ ಅಳತೆಗೆ, ಮನೆಯ ನೆಲದ ಅಳತೆಗೆ ಅಲ್ಲ. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಎಸ್ಟಿಮೇಟ್ ನೋಡಿ ಗಾಬರಿ ಆಗುವುದಿಲ್ಲ. ಒಂದೇ ಗೋಡೆ, ಹನ್ನೆರಡಕ್ಕೆ ಹತ್ತು, 120 ಚದರ ಅಡಿ. ಎರಡು ಸಲ ಬಳಿಯಲು ಒಂದರಿಂದ ಎರಡು ಲೀಟರ್ ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ ಪೇಂಟ್, ಸಾಕು. ಗೋಡೆ ಚೆನ್ನಾಗಿದ್ದರೆ ರೋಲರ್ ಹಿಡಿದು ನೀವೇ ಒಂದು ಭಾನುವಾರ ಮುಗಿಸಬಹುದು. ಬಾಡಿಗೆ ಮನೆಯವರೂ ಓನರನ್ನು ಕೇಳಿ ಇದನ್ನು ಮಾಡಬಹುದು. ಹೇಗಿದ್ದರೂ ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ರೂಢಿಯೇ ಆಗಿದೆ. ಆ ದುಡ್ಡು ಹೋಗುವುದೇ ಆದರೆ ಇದ್ದಷ್ಟು ದಿನ ನಿಮಗೆ ಇಷ್ಟವಾದ ಬಣ್ಣದ ಗೋಡೆ ನೋಡಿಕೊಂಡು ಇರುವುದು ಒಳ್ಳೆಯದು.

ಶೇಡ್ ಕಾರ್ಡಿನ ಬೆರಳಗಲದ ಚೂರು ನೋಡಿ ತೀರ್ಮಾನ ಮಾಡಬೇಡಿ. ಗೋಡೆ ತುಂಬಿದಾಗ ಅದೇ ಬಣ್ಣ ಇನ್ನೂ ಗಾಢವಾಗಿ ಕಾಣುತ್ತದೆ. ಚಿಕ್ಕ ಸ್ಯಾಂಪಲ್ ಡಬ್ಬಿ ತಂದು ಎರಡಡಿ ಚೌಕ ಬಳಿಯಿರಿ, ಕಿಟಕಿ ಹತ್ತಿರ ಒಂದು, ದೂರದ ಮೂಲೆಯಲ್ಲಿ ಒಂದು. ಬೆಳಿಗ್ಗೆ ನೋಡಿ, ಸಂಜೆ ನಾಲ್ಕಕ್ಕೆ ನೋಡಿ, ರಾತ್ರಿ ಲೈಟು ಹಚ್ಚಿ ನೋಡಿ. ಬೆಳಿಗ್ಗೆ ತಿಳಿ ಹಸಿರು ಕಂಡದ್ದು ರಾತ್ರಿ ವಾರ್ಮ್ ಲೈಟಿನಲ್ಲಿ ಹಳದಿ ಮಿಶ್ರವಾಗುತ್ತದೆ. ಎರಡೂ ಇಷ್ಟವಾದರೆ ಮಾತ್ರ ಮುಂದುವರಿಯಿರಿ.

ಗೋಡೆಯಲ್ಲಿ ಪಸೆ ಇದ್ದರೆ ಪೇಂಟಿನ ಮಾತೇ ಬೇಡ. ಬಿಳಿ ಉಪ್ಪಿನ ಪುಡಿ ಉದುರುವುದು, ಪುಟ್ಟಿ ಉಬ್ಬಿ ಚಕ್ಕೆ ಏಳುವುದು ಕಂಡರೆ ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಹಿಂದಿನ ಗೋಡೆ ಬಾತ್‌ರೂಮಿನದಾ, ಮೇಲಿನ ಮನೆಯ ಪೈಪಾ, ಹೊರಗೋಡೆಯ ಬಿರುಕಾ. ಅದನ್ನು ಸರಿ ಮಾಡದೆ ಎಷ್ಟೇ ದುಬಾರಿ ಪೇಂಟ್ ಹೊಡೆದರೂ ಮುಂದಿನ ಮಳೆಗೆ ಏಳುತ್ತದೆ. ಹಳೇ ಮನೆಗಳಲ್ಲಿ ಸುಣ್ಣವೋ ಡಿಸ್ಟೆಂಪರ್ ಅನ್ನುವ ಅಗ್ಗದ ಪೇಂಟೋ ಇದ್ದರೆ ಕೈಯಿಂದ ಉಜ್ಜಿ ನೋಡಿ. ಪುಡಿ ಅಂಟಿದರೆ ಅದರ ಮೇಲೆಯೇ ಎಮಲ್ಷನ್ ಹೊಡೆಯುವ ಹಾಗಿಲ್ಲ, ಕೆರೆದು ಪ್ರೈಮರ್ ಹಾಕಬೇಕು. ಕರಾವಳಿ, ಮಲೆನಾಡಿನವರು ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆಯೇ ಕೈ ಹಾಕಿ.

ಸೋಫಾ, ಮಂಚ, ಟಿವಿ ಯೂನಿಟ್: ಕೊನೆಗೆ ಇಡಿ

ಅಗತ್ಯಕ್ಕೆ ಬೇಕಾದದ್ದನ್ನು ಯಾರೂ ತಡೆಯುವುದಿಲ್ಲ. ಮಲಗಲು ಹಾಸಿಗೆ ಬೇಕು, ಅದಕ್ಕೆ ದುಡ್ಡು ಹಾಕಿ. ನಾನು ಹೇಳುತ್ತಿರುವುದು ಹಾಲಿಗೆ 'ಸೆಟ್' ತರುವ ಆತುರದ ಬಗ್ಗೆ. ಮೂರು ಜನ ಕೂರುವ ಸೋಫಾ ಆರೂವರೆಯಿಂದ ಏಳಡಿ ಉದ್ದ, ಸುಮಾರು ಮೂರಡಿ ಆಳ. ಹತ್ತು ಹನ್ನೆರಡರ ಹಾಲಿಗೆ ಎಲ್ ಆಕಾರದ ಸೋಫಾ ತಂದರೆ ನಡೆಯಲು ಜಾಗ ಇರುವುದಿಲ್ಲ. ಶೋರೂಮಿನಲ್ಲಿ ಅದು ಚಿಕ್ಕದಾಗಿ ಕಾಣುತ್ತದೆ, ಯಾಕೆಂದರೆ ಶೋರೂಮಿನ ಸೀಲಿಂಗ್ ಹದಿನೈದು ಅಡಿ ಎತ್ತರ ಇರುತ್ತದೆ.

ಹೀಗೆ ಮಾಡಿ ನೋಡಿ. ಹಳೇ ಪೇಪರ್ ತೆಗೆದುಕೊಂಡು ಸೋಫಾದ ಅಳತೆಗೆ ನೆಲದ ಮೇಲೆ ಹಾಸಿ, ಟೇಪ್ ಅಂಟಿಸಿ. ಟೀಪಾಯಿಗೂ ಹಾಗೇ, ಸೋಫಾದಿಂದ ಒಂದೂಕಾಲು ಅಡಿ ದೂರ. ಎರಡು ದಿನ ಅದರ ಸುತ್ತಲೇ ಓಡಾಡಿ. ಬಾಲ್ಕನಿಗೆ ಬಟ್ಟೆ ಬಕೆಟ್ ಹಿಡಿದು ಹೋಗುವಾಗ ಪೇಪರ್ ತುಳಿದಿರಾ? ಬಾಗಿಲು ಪೂರ್ತಿ ತೆಗೆಯಲು ಬರುತ್ತದಾ? ಓಡಾಡುವ ದಾರಿ ಎರಡೂವರೆ ಅಡಿಗಿಂತ ಕಮ್ಮಿ ಆದರೆ ಆ ಸೋಫಾ ನಿಮ್ಮ ಮನೆಗೆ ಅಲ್ಲ. ಮುಂಬಾಗಿಲು, ಲಿಫ್ಟು, ಮೆಟ್ಟಿಲ ತಿರುವು ಇವುಗಳ ಅಳತೆಯನ್ನೂ ಬರೆದುಕೊಂಡೇ ಅಂಗಡಿಗೆ ಹೋಗಿ.

ಚಿಕ್ಕ ಹಾಲಿಗೆ ಸೋಫಾ ಸೆಟ್ಟಿಗಿಂತ ದಿವಾನವೇ ಮೇಲು ಅಂತ ನನಗೆ ಅನ್ನಿಸುತ್ತದೆ. ಗೋಡೆಗೆ ಒರಗಿಸಿದರೆ ನಾಲ್ಕು ಜನ ಕೂರಬಹುದು, ಊರಿಂದ ಮಾವ ಬಂದರೆ ಮಲಗಬಹುದು, ಕೆಳಗೆ ಪೆಟ್ಟಿಗೆ ಇದ್ದರೆ ಹೊದಿಕೆ ತುಂಬಬಹುದು. ಮೇಲೊಂದು ಕೌದಿ ಹಾಸಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯರು ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ, ಅದನ್ನು ಹೊರಗೆ ತೆಗೆಯಿರಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳ ಬಣ್ಣ ಜೋಡಣೆ ನೋಡಿದರೆ ಯಾವ ಬ್ರ್ಯಾಂಡಿನ ಬೆಡ್ ಕವರೂ ಬೇಡ ಅನ್ನಿಸುತ್ತದೆ.

ಮರದ ವಿಷಯದಲ್ಲಿ ಹೊಸಬರು ಮೋಸ ಹೋಗುವುದು 'ಎಂಜಿನಿಯರ್ಡ್ ವುಡ್' ಅನ್ನುವ ಹೆಸರಿನಲ್ಲಿ. ಅದರಲ್ಲಿ ಮರದ ಚೂರು ಅಂಟಿಸಿ ಒತ್ತಿದ ಪಾರ್ಟಿಕಲ್ ಬೋರ್ಡ್ ಬರುತ್ತದೆ, ಮರದ ನಾರು ಒತ್ತಿದ ಎಂಡಿಎಫ್ ಬರುತ್ತದೆ, ಮರದ ತೆಳು ಪದರ ಅಂಟಿಸಿದ ಪ್ಲೈವುಡ್ಡೂ ಬರುತ್ತದೆ. ಮೂರೂ ಒಂದೇ ಅಲ್ಲ. ಪಾರ್ಟಿಕಲ್ ಬೋರ್ಡಿನ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ, ಸ್ಕ್ರೂ ಒಮ್ಮೆ ಬಿಚ್ಚಿ ಹಾಕಿದರೆ ಹಿಡಿತ ಕಮ್ಮಿ. ಎರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸುವವರಿಗೆ ಅದು ಆಗುವುದಿಲ್ಲ, ದಿನಾ ನೆಲ ಒರೆಸುವ ಮನೆಗಂತೂ ಕೆಳಗೆ ಕಾಲು ಇಲ್ಲದ ಯೂನಿಟ್ ಬೇಡವೇ ಬೇಡ. ಅಡುಗೆಮನೆಗೆ ಪ್ಲೈ ಹಾಕಿಸುವುದಾದರೆ ಐಎಸ್ 710 ಮುದ್ರೆ ಇದೆಯಾ ನೋಡಿ, ಅದು ನೀರು ತಡೆಯುವ ಮರೈನ್ ಪ್ಲೈ. ಸೆಕೆಂಡ್ ಹ್ಯಾಂಡಿನಲ್ಲಿ ಸಾಗುವಾನಿ ಅಥವಾ ಬೀಟೆಯ ಹಳೇ ಕುರ್ಚಿ ಬೆಂಚು ಸಿಕ್ಕರೆ ಹೊಸ ಸೋಫಾ ಬಿಟ್ಟು ಅದನ್ನೇ ತನ್ನಿ. ತರುವ ಮೊದಲು ಕೆಳಗೆ ಬಗ್ಗಿ ನೋಡಿ. ನೆಲದ ಮೇಲೆ ಸಣ್ಣ ಮರದ ಪುಡಿ ಬಿದ್ದಿದ್ದರೆ ಕುಟ್ಟೆ ಹಿಡಿದಿದೆ ಅಂತ ಅರ್ಥ.

ಗೋಡೆಗೆ ಏನು, ನೆಲಕ್ಕೆ ಏನು

ಇದರಲ್ಲಿ ಅವಸರ ಬೇಡ. ಆನ್‌ಲೈನಿನಲ್ಲಿ ಆರು ಫ್ರೇಮಿನ ಸೆಟ್ ತರಿಸಿದರೆ ನಿಮ್ಮ ಮನೆ ಹೋಟೆಲ್ ರೂಮಿನಂತೆ ಆಗುತ್ತದೆ. ಒಂದು ವರ್ಷ ತೆಗೆದುಕೊಂಡು ಒಂದೊಂದೇ ಸೇರಿಸಿ, ನಮ್ಮ ಕಡೆ ಆಯ್ಕೆಗೆ ಬರವಿಲ್ಲ. ನವಲಗುಂದದ ಜಮಖಾನ ಇದೆ, ಹತ್ತಿಯದು, ಹೆಂಗಸರೇ ನೇಯುವುದು, ನವಿಲಿನ ಚಿತ್ತಾರ ಬರುತ್ತದೆ. ಕಾಟನ್ ಆದ್ದರಿಂದ ಬರಿಗಾಲಿಗೆ ಹಿತ, ಧೂಳು ಒದರುವುದು ಸುಲಭ, ದಪ್ಪ ಮೃದು ಕಾರ್ಪೆಟ್ಟಿಗಿಂತ ನಮ್ಮ ಹವೆಗೆ ಎಷ್ಟೋ ಮೇಲು. ಸಾಗರ, ಸೊರಬ ಕಡೆಯ ದೀವರ ಹೆಂಗಸರು ಗೋಡೆಗೆ ಬರೆಯುತ್ತಿದ್ದ ಚಿತ್ತಾರ ಈಗ ಫ್ರೇಮಿನಲ್ಲೂ ಸಿಗುತ್ತದೆ, ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿ ಗೆರೆ. ಒಂದೇ ದೊಡ್ಡದು ಹಾಕಿ, ಹಾಲ್ ತುಂಬುತ್ತದೆ. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಕುಶನ್ ಕವರ್ ಹೊಲಿಸಿ. ಚನ್ನಪಟ್ಟಣದ ಮರದ ಗೊಂಬೆ, ಕಿನ್ನಾಳದ ಗೊಂಬೆ ದಸರಾಗೆ ಮಾತ್ರ ಅಂತ ಇಲ್ಲ, ಶೆಲ್ಫಿನಲ್ಲಿ ಎರಡು ಇಟ್ಟರೂ ಸಾಕು. ಬೀದರಿನ ಬಿದ್ರಿ ಸಾಮಾನು ಮಾತ್ರ ದುಬಾರಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ್ದು, ಆದರೆ ಒಂದು ಚಿಕ್ಕ ಹೂಜಿ ಇಟ್ಟು ಪಕ್ಕದಿಂದ ವಾರ್ಮ್ ಲೈಟು ಬೀಳುವಂತೆ ಮಾಡಿದರೆ ಆ ಮೂಲೆಗೆ ಬೇರೇನೂ ಬೇಡ. ಕಾವೇರಿ ಎಂಪೋರಿಯಂಗೆ ಹೋದರೆ ಇಂಥ ಕರಕುಶಲ ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಿ ಬೆಲೆ ಹೋಲಿಸಬಹುದು.

ಚಿತ್ರ ಹಾಕುವಾಗ ಎತ್ತರ ತಪ್ಪುವುದೇ ಜಾಸ್ತಿ. ಬಾಗಿಲ ಮೇಲಿನ ದೇವರ ಫೋಟೋ ನೋಡಿ ಅಭ್ಯಾಸವಾಗಿ ಎಲ್ಲವನ್ನೂ ಮೇಲೆ ಹಾಕುತ್ತೇವೆ. ಚಿತ್ರದ ನಡುಭಾಗ ನೆಲದಿಂದ ಐದಡಿ ಸುಮಾರಿಗೆ ಇರಲಿ, ಸೋಫಾದ ಮೇಲಾದರೆ ಒರಗುವ ಭಾಗದಿಂದ ಅರ್ಧ ಅಡಿ ಮೇಲೆ. ಮೊಳೆ ಹೊಡೆಯುವ ಬದಲು ಡ್ರಿಲ್ ಮಾಡಿ ಪ್ಲಗ್ ಹಾಕಿ ಸ್ಕ್ರೂ ಹಾಕಿ, ಗಾರೆ ಉದುರುವುದಿಲ್ಲ. ಓನರ್ ಡ್ರಿಲ್ ಬೇಡ ಅಂದರೆ ಅಂಟಿಸುವ ಹುಕ್ ಇದೆ, ಆದರೆ ಡಿಸ್ಟೆಂಪರ್ ಗೋಡೆಗೆ ಅದು ನಿಲ್ಲುವುದಿಲ್ಲ. ಆಗ ಶೆಲ್ಫಿನ ಮೇಲೆ ಒರಗಿಸಿ ಇಡಿ, ಅದೂ ಚೆಂದವೇ.

ಗಿಡಗಳ ಬಗ್ಗೆ ಸ್ವಲ್ಪ ಮಾತು. ಗಾಳಿ ಶುದ್ಧ ಆಗುತ್ತದೆ ಅಂತ ಕೊಳ್ಳಬೇಡಿ, ನಾಲ್ಕು ಕುಂಡದಿಂದ ಮನೆಯ ಗಾಳಿ ಬದಲಾಗುವುದಿಲ್ಲ. ಕಣ್ಣಿಗೆ ಹಿತ ಅಂತ ಕೊಳ್ಳಿ. ಬಿಸಿಲು ಬಾರದ ಹಾಲಿಗೆ ಸ್ನೇಕ್ ಪ್ಲಾಂಟ್, ಝೀಝೀ, ಮನಿ ಪ್ಲಾಂಟ್, ಈ ಮೂರು ಸಾಕು. ತುಳಸಿ ಒಳಗೆ ಬದುಕುವುದಿಲ್ಲ, ಅದಕ್ಕೆ ಬಿಸಿಲು ಬೇಕು. ಒಳಗಿನ ಗಿಡಗಳು ಸಾಯುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ. ಬೆರಳು ಒಂದಿಂಚು ಮಣ್ಣೊಳಗೆ ಹಾಕಿ ಒಣಗಿದ್ದರೆ ಮಾತ್ರ ನೀರು ಹಾಕಿ.

ಹಾಗಾದರೆ ನೀವು ಯಾವುದರಿಂದ ಶುರು ಮಾಡಬೇಕು

ಬಾಡಿಗೆ ಮನೆ, ಕೈಯಲ್ಲಿ ಐದು ಸಾವಿರ: ಎರಡು ಲ್ಯಾಂಪು, ವಾರ್ಮ್ ಬಲ್ಬು, ಹಳೇ ಸೀರೆಯ ಕರ್ಟನ್, ಒಂದು ಮನಿ ಪ್ಲಾಂಟ್. ಇಲ್ಲಿಗೇ ನಿಲ್ಲಿಸಿ. ಎರಡು ತಿಂಗಳು ಹಾಗೇ ಇರಿ, ಇನ್ನೇನು ಬೇಕು ಅಂತ ಮನೆಯೇ ತೋರಿಸುತ್ತದೆ.

ಇಪ್ಪತ್ತೈದು ಸಾವಿರ ಇದ್ದರೆ ಮೇಲಿನದರ ಜೊತೆಗೆ ಒಂದು ಗೋಡೆಗೆ ಬಣ್ಣ, ಒಂದು ಜಮಖಾನ, ಒಂದು ದಿವಾನ. ಸೋಫಾ ಈಗಲೂ ಬೇಡ. ಹತ್ತು ಸಾವಿರಕ್ಕೆ ಸಿಗುವ ಸೋಫಾದ ಫೋಮ್ ಬೇಗ ಕುಗ್ಗುತ್ತದೆ, ಅದೇ ದುಡ್ಡಿಗೆ ಗಟ್ಟಿ ದಿವಾನ ಬರುತ್ತದೆ.

ಅಪ್ಪ ಅಮ್ಮನ ಜೊತೆ ಹಳೇ ಮನೆಯಲ್ಲಿ ಇರುವವರಿಗೆ ದಾರಿಯೇ ಬೇರೆ. ಅಲ್ಲಿ ವಸ್ತುಗಳಿಗೆ ಬರ ಇಲ್ಲ, ಹಾಗಾಗಿ ಕೊಳ್ಳುವುದಕ್ಕಿಂತ ತೆಗೆಯುವುದೇ ಕೆಲಸ. ಅದೇ ಕಷ್ಟ ಕೂಡ, ಯಾಕೆಂದರೆ ಪ್ರತಿ ಸ್ಟೀಲ್ ಡಬ್ಬಿಯ ಹಿಂದೆಯೂ ಒಬ್ಬರ ನೆನಪು ಇರುತ್ತದೆ. ಇಡೀ ಮನೆಗೆ ಕೈ ಹಾಕಬೇಡಿ, ನಿಮ್ಮ ರೂಮಿನಿಂದ ಶುರು ಮಾಡಿ. ಅದರ ಲೈಟು, ಕರ್ಟನ್ ಬದಲಾಯಿಸಿ. ಕೆಲವು ದಿನದಲ್ಲಿ ಅಮ್ಮನೇ ಬಂದು "ಹಾಲಿಗೂ ಇಂಥದ್ದೇ ಬಲ್ಬು ತಂದುಕೊಡು" ಅಂತಾರೆ. ಆಮೇಲೆ ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಪಾಲಿಶ್ ಮಾಡಿಸಿ ಉಳಿಸಿಕೊಳ್ಳಿ, ಈಗ ಆ ಕೆಲಸ ಬಲ್ಲ ಗಾರೆಯವರು ಸಿಗುವುದೇ ಅಪರೂಪ.

ಸ್ವಂತ ಮನೆ ಕಟ್ಟಿಸುತ್ತಿರುವವರು, ಗಾರೆ ಕೆಲಸ ಇನ್ನೂ ನಡೆಯುತ್ತಿದೆ ಅಂದರೆ, ಇವತ್ತೇ ಎಲೆಕ್ಟ್ರಿಷಿಯನ್ ಹತ್ತಿರ ಕೂತು ಮಾತಾಡಿ. ಪ್ರತಿ ರೂಮಿನ ಎದುರುಬದುರು ಮೂಲೆಗಳಲ್ಲಿ ಲ್ಯಾಂಪಿಗೆ ಒಂದೊಂದು ಪಾಯಿಂಟ್, ಅದರ ಸ್ವಿಚ್ ಬಾಗಿಲ ಪಕ್ಕದ ಬೋರ್ಡಿನಲ್ಲೇ, ಮಂಚದ ಎರಡೂ ಕಡೆ ಪ್ಲಗ್, ಪೂಜೆ ಮನೆಗೆ ಬೇರೆಯದೇ ಒಂದು ಲೈಟು, ಕಿಟಕಿ ಮೇಲೆ ಸೀಲಿಂಗ್ ಹತ್ತಿರ ಕರ್ಟನ್ ರಾಡಿನ ಜಾಗ. ಇವನ್ನು ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಮಾಡಿ, ಫೋಟೋ ತೆಗೆದು ಇಟ್ಟುಕೊಳ್ಳಿ. ಪ್ಲಾಸ್ಟರ್ ಆದ ಮೇಲೆ ಗೋಡೆ ಕೊರೆಸುವುದಕ್ಕೆ ಖರ್ಚೂ ಜಾಸ್ತಿ, ಪ್ಯಾಚ್ ಕೂಡ ಕಾಣುತ್ತದೆ.